ಬಾಂಬಿಗೆ ಮಾಡಿದ ಒಬ್ಬಟ್ಟು

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅರಿಶಿನ ಹತ್ತದ ವಸ್ತು ಒಂದೂ ಇರಲಿಲ್ಲ. ಅಪ್ಪನದು ಅರಿಶಿನದ ಮಂಡಿ. ಭೀಮನಬೀಡಿನ ಕಡೆಯಿಂದ ಬೇಯಿಸಿ ಒಣಗಿಸಿದ ಅರಿಶಿನದ ಕೊಂಬು ಮೂಟೆಗಳಲ್ಲಿ ಬಂದು ಮನೆ ಪಕ್ಕದ ಗೋಡೌನಿನಲ್ಲಿ ಬೀಳುತ್ತಿತ್ತು. ಅದನ್ನು ಪಾಲಿಶ್ ಮಾಡುವ ಡ್ರಮ್ಮು ಗಡಗಡ ತಿರುಗಲು ಶುರುವಾದರೆ ಸಾಕು, ಧೂಳು ಕಿಟಕಿಯಿಂದ ನುಗ್ಗಿ ಹಾಸಿಗೆ, ಪುಸ್ತಕ, ಹಿತ್ತಲಲ್ಲಿ ಕಟ್ಟಿದ ಹಸುವಿನ ಕಿವಿ ಎಲ್ಲವೂ ಹಳದಿ. ನನ್ನ ಬಿಳಿ ಯೂನಿಫಾರಮ್ಮನ್ನು ಅವ್ವ ಎಷ್ಟು ಕುಕ್ಕಿ ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ‘ಬಂದ್ಳು ನೋಡ್ರೇ ಮದುವಣಗಿತ್ತಿ’ ಎಂದು ಗೆಳತಿಯರು ರೇಗಿಸುತ್ತಿದ್ದರು. ಆ ಧೂಳು ಬೀದಿಯಿಂದ ದೇವರ ಮನೆಯವರೆಗೆ ಯಾರನ್ನೂ ಕೇಳದೆ ಓಡಾಡುತ್ತಿತ್ತು. ಮನುಷ್ಯರು ಹಾಗೆ ಓಡಾಡುವಂತಿರಲಿಲ್ಲ.

ಬೀದಿಗೆ ಮುಖ ಮಾಡಿದ ಜಗಲಿ, ಅದರ ಹಿಂದೆ ನಡುಮನೆ, ಅದರಾಚೆಗೆ ಅಡುಗೆಮನೆ. ಕೊರಳಲ್ಲಿ ಲಿಂಗ ಇದ್ದವರಿಗೆ ನಡುಮನೆಯಲ್ಲಿ ಸಾಲಾಗಿ ಊಟ. ಇಲ್ಲದವರು ಎಷ್ಟೇ ದೊಡ್ಡವರಾಗಲಿ, ಎಷ್ಟೇ ಬೇಕಾದವರಾಗಲಿ, ಜಗಲಿಯಲ್ಲಿ ಕೂತು ಉಣ್ಣಬೇಕು. ಹೀಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಂಡಿಯ ಹಮಾಲಿಗಳು ತಾವಾಗಿಯೇ ಜಗಲಿಗೆ ಹೋಗಿ ಕೂರುತ್ತಿದ್ದರು. ಇದರ ಕಾವಲು ನಮ್ಮ ಅಜ್ಜಿ, ಅಪ್ಪನ ತಾಯಿ. ಅವಳನ್ನು ಕೆಟ್ಟವಳೆಂದು ಯಾರಾದರೂ ಅಂದುಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಜಗಲಿಗೆ ಹೋಗುವ ಅನ್ನಕ್ಕೂ ಒಳಗಿನಷ್ಟೇ ತುಪ್ಪ ಬೀಳಬೇಕು, ಕಮ್ಮಿಯಾದರೆ ಅವ್ವನಿಗೆ ಮಂಗಳಾರತಿ. ತನ್ನ ಮೇಲಂತೂ ಅವಳಿಗೆ ಕರುಣೆಯೇ ಇರಲಿಲ್ಲ. ಒಮ್ಮೆ ನೆಂಟರ ಮದುವೆಯಲ್ಲಿ ಅಡುಗೆಯವನು ಬೆಳಿಗ್ಗೆ ಲಿಂಗಪೂಜೆ ಮಾಡದೆ ಒಲೆ ಹಚ್ಚಿದ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ, ಎಲೆಯ ಮುಂದಿನಿಂದ ಎದ್ದು, ಯಾರಿಗೂ ಒಂದು ಮಾತು ಆಡದೆ, ಬಸ್ಸು ಹತ್ತಿ ಬರೀ ಹೊಟ್ಟೆಯಲ್ಲಿ ಮನೆಗೆ ಬಂದಿದ್ದಳು. ನೇಮ ಅಂದರೆ ನೇಮ ಅಷ್ಟೇ.

ಇಂಥ ಮನೆಗೆ ಶಶಿಧರನ್ ಮೇಷ್ಟ್ರು ಬಾಡಿಗೆಗೆ ಬಂದರು. ಊರಿನ ಒಂದು ಇಂಗ್ಲಿಷ್ ಸ್ಕೂಲಿಗೆ ವಿಜ್ಞಾನ ಕಲಿಸಲು ಕೇರಳದಿಂದ ಬಂದವರು, ಮೂವತ್ತು ದಾಟಿದ್ದ ಬ್ರಹ್ಮಚಾರಿ. ಜಗಲಿಯ ಮೂಲೆಯ ಕೋಣೆ ಅವರದು. ಊಟ ನಮ್ಮದೇ, ಜಗಲಿಯಲ್ಲಿ. ಅದಕ್ಕೆ ಬದಲು ಕನ್ನಡ ಶಾಲೆಗೆ ಹೋಗುತ್ತಿದ್ದ ನನಗೆ ಸಂಜೆ ಟ್ಯೂಷನ್ ಎಂದು ಅಪ್ಪ ಮಾತಾಡಿಕೊಂಡಿದ್ದ. ಭಾನುವಾರ ಅವರು ಎಲ್ಲಿಗೋ ಹೋಗಿ ಮೀನು ತಿಂದು ಬರುತ್ತಿದ್ದರು. ಬೀದಿಯ ತಿರುವಿಗೆ ಬಂದಾಗಲೇ ಅಜ್ಜಿಗೆ ವಾಸನೆ ಹೊಡೆದು ಸೆರಗು ಮೂಗಿಗೆ ಹೋಗುತ್ತಿತ್ತು. ಆದರೂ ಸೋಮವಾರ ಬೆಳಿಗ್ಗೆ, ‘ಪಾಪ, ಮಲೆಯಾಳಿ ಮೇಷ್ಟ್ರು ಎದ್ರಾ ನೋಡಮ್ಮಿ, ಕಾಪಿ ಆರೋಯ್ತದೆ’ ಎಂದು ಕೂಗುವವಳೂ ಅವಳೇ.

ಮೇಷ್ಟ್ರ ಪಾಠ ಸೂತ್ರದಿಂದ ಶುರುವಾಗುತ್ತಿರಲಿಲ್ಲ, ಚಾಡಿಯಿಂದ ಶುರುವಾಗುತ್ತಿತ್ತು. ಈ ನಿಯಮ ಕಂಡುಹಿಡಿದವನಿಗೆ ದುಡ್ಡು ಕೊಟ್ಟವರು ಯಾರು, ಆಗ ಅಲ್ಲಿ ರಾಜನಿದ್ದನೋ ಯುದ್ಧವಿತ್ತೋ, ಅವನನ್ನು ಕಂಡರೆ ಆಗದವರು ಯಾರು, ಇದೆಲ್ಲ ಹೇಳಿ ಮುಗಿಸಿ ಕೊನೆಗೆ ‘ಹಾಂ, ಇನ್ನು ಲೆಕ್ಕ ಮಾಡು’ ಎನ್ನುತ್ತಿದ್ದರು. ಪಠ್ಯಪುಸ್ತಕದಲ್ಲಿ ನಿಯಮಗಳು ಆಕಾಶದಿಂದ ಉದುರಿದ ಹಾಗೆ ಇರುತ್ತಿದ್ದವು. ಜಗಲಿಯಲ್ಲಿ ಅವುಗಳಿಗೆ ಅಪ್ಪ ಅಮ್ಮ ಇದ್ದರು, ದಾಯಾದಿಗಳಿದ್ದರು. ಯುದ್ಧದಲ್ಲಿ ಶತ್ರುವಿನ ವಿಮಾನ ಹುಡುಕಲು ಕಲಿತ ರೇಡಿಯೋ ವಿದ್ಯೆಯನ್ನೇ ಯುದ್ಧ ಮುಗಿದ ಮೇಲೆ ಆಕಾಶದ ಕಡೆ ತಿರುಗಿಸಿ ನಕ್ಷತ್ರಗಳ ಸದ್ದು ಹಿಡಿದರು ಎಂದೂ, ಅಂಥದೊಂದು ದೊಡ್ಡ ಆಂಟೆನಾ ನಮ್ಮ ಮನೆ ಮುಂದೆಯೇ ಹಾದುಹೋಗುವ ಬಸ್ಸಿನ ದಾರಿಯ ಕೊನೆಗೆ, ಊಟಿಯ ಇಳಿಜಾರಿನಲ್ಲಿ ಇದೆ ಎಂದೂ ಹೇಳಿದ ದಿನ ನನಗೆ ಅನ್ನ ಸೇರಲಿಲ್ಲ. ಇನ್ನೊಂದು ಸಂಜೆ, ಯುರೋಪಿನ ಒಂದು ದೇಶದಲ್ಲಿ ಸರ್ಕಾರ ಬದಲಾದಾಗ, ಬಹಳ ದೊಡ್ಡ ವಿಜ್ಞಾನಿಯೊಬ್ಬನ ಸಿದ್ಧಾಂತವನ್ನು ಅವನು ಹುಟ್ಟಿದ ಜನಾಂಗದ ಕಾರಣಕ್ಕೆ ‘ಇದು ನಮ್ಮ ಫಿಸಿಕ್ಸ್ ಅಲ್ಲ’ ಎಂದು ದೂರವಿಟ್ಟ ಕಥೆ ಹೇಳಿದರು.

‘ಅವನ ಲೆಕ್ಕ ತಪ್ಪಿತ್ತಾ ಸಾರ್?’

‘ಲೆಕ್ಕ ಸರಿ ಇತ್ತು.’

‘ಮತ್ತೆ?’

‘ಮಾಡಿದವನು ಸರಿ ಇಲ್ಲ ಅಂದ್ರು.’

‘ಅವನ್ನೂ ಜಗಲೀಲಿ ಕೂರ್ಸಿದ್ರಾ?’

ಮೇಷ್ಟ್ರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಪಕ್ಕದಲ್ಲಿದ್ದ ತಮ್ಮ ಸ್ಟೀಲ್ ತಟ್ಟೆ ನೋಡಿದರು, ಆಮೇಲೆ ಕೆಮ್ಮು ಬರುವವರೆಗೆ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ. ನನಗೆ ಆ ವಯಸ್ಸಿನಲ್ಲಿ ಗೊತ್ತಿದ್ದ ಒಳಗು ಹೊರಗು ಅದೊಂದೇ. ಅಂದು ಒಳಗೆ ಹೋಗಿ ಅಜ್ಜಿಯನ್ನು ಕೆದಕಿದೆ. ಅವಳು ಟಿವಿಯ ಮುಂದೆ ಕೂತು ವಾರ್ತೆ ನೋಡುತ್ತಿದ್ದಳು.

‘ಅಜ್ಜಿ, ಟೀವೀಲಿ ಮಾತಾಡೋರೆಲ್ಲ ಲಿಂಗ ಕಟ್ಟವ್ರಾ?’

‘ಅದ್ ಯಾರಿಗ್ ಗೊತ್ತು?’

‘ಮತ್ತೆ ಅವ್ರು ನಡುಮನೇಲೇ ಅವ್ರಲ್ಲ?’

‘ಅವ್ರು ಉಣ್ಣಕ್ ಬರಲ್ಲವಲ್ಲ ಕಣಮ್ಮಿ’ ಎಂದು ಅಜ್ಜಿ ವಾರ್ತೆಗೆ ತಿರುಗಿದಳು. ನಾನು ಬಿಡಲಿಲ್ಲ. ಮೇಷ್ಟ್ರನ್ನು ಒಂದೇ ಒಂದು ದಿನ ಒಳಗೆ ಕೂರಿಸು ಎಂದು ಗೋಗರೆದೆ, ಹಬ್ಬಕ್ಕೆ ಕೇಳಿದೆ, ನನ್ನ ಹುಟ್ಟುಹಬ್ಬಕ್ಕೆ ಕೇಳಿದೆ. ‘ಅವ್ರಿಗೇ ಇಲ್ದಿರೋ ಬೇಜಾರು ನಿಂಗ್ಯಾಕೆ, ಓಗು’ ಎಂದು ಅಟ್ಟಿದಳು.

ನನ್ನ ಬೇಜಾರು ಅದಕ್ಕಿಂತ ದೊಡ್ಡದೇ ಇತ್ತು. ಹತ್ತನೇ ತರಗತಿ ಮುಗಿದಿತ್ತು. ಚಾಮರಾಜನಗರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಅಲ್ಲಿನ ಕಾಲೇಜಿನಲ್ಲಿ ಸೈನ್ಸ್ ಓದಬೇಕೆಂದು ನನಗೆ ಆಸೆ. ಅಲ್ಲಿ ಲ್ಯಾಬು ಚೆನ್ನಾಗಿದೆ ಎಂದು ಮೇಷ್ಟ್ರು ಹೇಳಿದ್ದರು. ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಚಂದಕವಾಡಿಯಿಂದ ಒಂದು ಸಂಬಂಧ ತಾನಾಗಿ ಬಂದಿತ್ತು, ಒಳ್ಳೆಯ ನೀರಾವರಿ ಜಮೀನಿನವರು. ಹುಡುಗಿ ಎರಡು ವರ್ಷ ಮನೆಯಲ್ಲಿದ್ದು ಕೆಲಸ ಕಲಿಯಲಿ, ಆಮೇಲೆ ಮಾಡೋಣ ಎಂದು ಅವರೂ ಒಪ್ಪಿದ್ದರು. ಅಪ್ಪ ಕೆಟ್ಟದ್ದನ್ನು ಬಯಸುವವನಲ್ಲ. ಅವನ ಪ್ರಕಾರ ನನ್ನ ಜೀವನಕ್ಕೆ ಬೇಕಾದ್ದೆಲ್ಲ ಆ ಮನೆಯಲ್ಲಿತ್ತು.

‘ಓದಿದ್ದು ಸಾಕು ಬುಡಮ್ಮಿ. ಪಿಸಿಕ್ಸ್ ಓದಿ ಯಾರ್ ಉದ್ದಾರ ಆಗವ್ರೆ? ಮೇಷ್ಟ್ರನ್ನೇ ನೋಡು, ಬಾಡಿಗೆ ಕೋಣೇಲಿ ಅವ್ರೆ.’

ನಾನು ಅತ್ತೆ, ಊಟ ಬಿಟ್ಟೆ, ಮತ್ತೆ ಹಸಿವು ತಡೆಯಲಾರದೆ ಊಟ ಮಾಡಿದೆ. ಅವ್ವ ನನ್ನ ಪರ ಒಂದೆರಡು ಮಾತಾಡಿ ಬೈಸಿಕೊಂಡಳು. ಎಲ್ಲ ಮುಗಿಯಿತು ಎಂದು ನಾನು ಕೈಚೆಲ್ಲಿ ಕೂತಿದ್ದಾಗ, ಸಾವಿರ ಮೈಲಿಗೂ ಆಚೆಯ ಮರಳುಗಾಡಿನಲ್ಲಿ ನಮ್ಮ ಸರ್ಕಾರ ಅಣುಬಾಂಬು ಸಿಡಿಸಿತು.

ಆ ವಾರ ನಮ್ಮೂರು ಇದ್ದ ರೀತಿಯನ್ನು ನಾನೆಂದೂ ಮರೆಯಲಾರೆ. ಮಂಡಿ ಸಾಲಿನಲ್ಲಿ ಪಟಾಕಿ ಹೊಡೆದರು, ಬರುವ ಹೋಗುವವರ ಬಾಯಿಗೆ ಸಕ್ಕರೆ ಹಾಕಿದರು. ಟಿವಿಯಲ್ಲಿ ಗುಡ್ಡದ ಮಣ್ಣು ನಡುಗಿ ಮೇಲೇಳುವುದನ್ನು ಅಪ್ಪ ಮತ್ತೆ ಮತ್ತೆ ನೋಡಿದ. ಅದರ ಹಿಂದೆ ಇರುವುದು ಫಿಸಿಕ್ಸು ಎಂದು ಯಾರೋ ಅವನಿಗೆ ಹೇಳಿದ್ದೇ ತಡ, ನಮ್ಮ ಜಗಲಿಯ ಮೇಷ್ಟ್ರು ರಾತ್ರೋರಾತ್ರಿ ದೊಡ್ಡ ಮನುಷ್ಯರಾಗಿಬಿಟ್ಟರು. ‘ನಮ್ಮನೇಲೇ ಪಿಸಿಕ್ಸ್ ಮೇಷ್ಟ್ರು ಅವ್ರೆ ಕಣ್ಲಾ’ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದ. ಜನ ಜಗಲಿಗೆ ಬಂದು ಅವರಿಗೆ ಕೈಮುಗಿದರು. ‘ನೀವೂ ಏನಾರ ಒಸಿ ಕೈ ಆಕಿದ್ರಾ ಸಾ?’ ಎಂದು ಒಬ್ಬ ಕೇಳಿದ. ಇನ್ನೊಬ್ಬ, ಇದರ ಗಾಳಿಗೆ ಈ ಸಲ ಅರಿಶಿನದ ಗೆಡ್ಡೆ ಸಣ್ಣದಾಗುತ್ತದೋ ಹೇಗೆ ಎಂದು ವಿಚಾರಿಸಿದ. ಮೇಷ್ಟ್ರು ಎಲ್ಲರಿಗೂ ‘ಇಲ್ಲ, ಇಲ್ಲ’ ಎನ್ನುತ್ತ ಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡರು. ಅದು ವಿನಯ ಎಂದು ಅಪ್ಪ ತಿಳಿದ. ನಾನೂ ಹಾಗೇ ತಿಳಿದೆ.

ಅಪ್ಪ ಎರಡು ತೀರ್ಮಾನ ಮಾಡಿದ್ದ. ಒಂದು, ನಾನು ಸೈನ್ಸ್ ಓದುತ್ತೇನೆ. ಇನ್ನೊಂದು, ದೇಶದ ಗೆಲುವಿಗೆ ಮನೆಯಲ್ಲಿ ಅಯ್ನೋರನ್ನು, ಅಂದರೆ ನಮ್ಮ ಮನೆತನದ ಗುರುಗಳನ್ನು ಕರೆಸಿ ಪಾದಪೂಜೆ ಮಾಡಿಸಿ, ಮಂಡಿಯವರಿಗೆಲ್ಲ ಒಬ್ಬಟ್ಟಿನ ಊಟ ಹಾಕಬೇಕು. ಆ ಊಟಕ್ಕೆ ಮೇಷ್ಟ್ರು ಒಳಗೆ, ಅಯ್ನೋರ ಸಾಲಿನಲ್ಲೇ ಕೂರಬೇಕು. ನಾನು ಎರಡು ವರ್ಷ ಗೋಗರೆದರೂ ಆಗದ್ದನ್ನು ಅಪ್ಪ ಅಜ್ಜಿಯ ಹತ್ತಿರ ಒಂದೇ ಸಂಜೆಯಲ್ಲಿ ಸಾಧಿಸಿದ.

‘ಯೋಚ್ನೆ ಮಾಡವ್ವ. ಇಡೀ ದೇಶನೇ ಈ ವಿದ್ಯೆ ತಲೆ ಮ್ಯಾಲೆ ಒತ್ಕಂಡದೆ. ನಾವು ಆ ವಿದ್ಯೆ ಕಲ್ತೋನ ಒರಗೆ ಕೂರ್ಸನಾ?’

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದಳು.

‘ಮೀನು ತಿಂದಿರಬಾರ್ದು. ತಾನ ಮಾಡಿ, ಅಣೆ ತುಂಬ ಈಬೂತಿ ಇಟ್ಕಂಡು ಬರ್ಲಿ. ಅವತ್ತೊಂದ್ ದಿನಕ್ಕೆ.’

ನಾನು ಕುಣಿದಾಡಿದೆ. ನನಗೆ ಬೇಕಾದ ಎರಡೂ ಒಟ್ಟಿಗೆ ಸಿಕ್ಕಿದ್ದವು. ಇದು ಯಾವುದರಿಂದ ಸಿಕ್ಕಿತು ಎಂದು ಆ ಕ್ಷಣಕ್ಕೆ ನಾನು ಯೋಚಿಸಲಿಲ್ಲ; ಹದಿನಾರರ ಹುಡುಗಿ ಯಾಕೆ ಯೋಚಿಸುತ್ತಾಳೆ? ಊಟದ ದಿನ ಬೆಳಗಿನಿಂದ ಅವ್ವ ಒಲೆಯ ಮುಂದೆ. ‘ಬಾಂಬ್ ಒಡ್ದೋರು ಅವ್ರು, ಒಬ್ಬಟ್ಟು ತಟ್ಟಿ ಸೊಂಟ ಮುರ್ಕಳಾದು ನಾನು’ ಎಂದು ಗೊಣಗುತ್ತಲೇ ಬುಟ್ಟಿ ತುಂಬಿಸಿದಳು. ಪಾದಪೂಜೆ ಮುಗಿಯಿತು. ನಡುಮನೆಯಲ್ಲಿ ಎಲೆ ಹಾಕಿದರು. ತಲೆಬದಿಯಲ್ಲಿ ಅಯ್ನೋರು, ಅವರ ಪಕ್ಕದಲ್ಲಿ ಒಂದು ಎಲೆ ಖಾಲಿ, ಅದರಾಚೆಗೆ ಮಂಡಿಯವರು. ಅಪ್ಪ ನಿಂತುಕೊಂಡೇ ಎಲ್ಲರಿಗೂ ಕೇಳುವಂತೆ, ‘ಅಯ್ನೋರೆ, ನಿಮ್ ಆಸೀರ್ವಾದ, ನಮ್ ಗಿರಿಜಾನ ಸೈನ್ಸ್ ಓದುಸ್ತೀನಿ. ಮುಂದಿನ ಬಾಂಬು ನನ್ ಮಗಳ್ದೇ’ ಎಂದ. ಎಲ್ಲರೂ ಭಲೇ ಎಂದರು. ನಾನು ಮೇಷ್ಟ್ರನ್ನು ಕರೆಯಲು ಜಗಲಿಗೆ ಓಡಿದೆ.

ಅವರು ಸ್ನಾನ ಮಾಡಿ ಬಿಳಿ ಪಂಚೆ ಉಟ್ಟಿದ್ದರು. ಹಣೆಯ ಮೇಲೆ ವಿಭೂತಿ ಇರಲಿಲ್ಲ. ನನ್ನ ಹಿಂದೆ ನಡುಮನೆಯ ಹೊಸಿಲವರೆಗೆ ಬಂದು ಅಲ್ಲೇ ನಿಂತು ಕೈಮುಗಿದರು.

‘ಬನ್ನಿ ಮೇಷ್ಟ್ರೇ, ಬನ್ನಿ, ಎಲೆ ಕಾಯ್ತಾ ಅದೆ’ ಎಂದ ಅಪ್ಪ.

‘ಕ್ಷಮಿಸಬೇಕು ಯಜಮಾನ್ರೇ. ನಾನು ದಿನಾ ಕೂರೋ ಜಾಗದಲ್ಲೇ ಕೂರ್ತೀನಿ.’

‘ಅಯ್ಯೋ, ಸಂಕೋಚ ಬ್ಯಾಡಿ. ನಮ್ಮವ್ವನೇ ಒಪ್ಪವ್ಳೆ.’

‘ಸಂಕೋಚ ಅಲ್ಲ. ಹೊರಗೆ ಊಟ ಮಾಡೋಕೆ ನನಗೆ ಯಾವತ್ತೂ ಬೇಜಾರಾಗಿಲ್ಲ. ಆದರೆ ಒಂದು ಊರನ್ನೇ ಸುಡೋ ವಸ್ತು ನಮ್ಮ ಕೈಗೆ ಬಂತು ಅಂತ ಹಾಕೋ ಊಟಕ್ಕೆ ನಾನು ಒಳಗೆ ಬರಲಾರೆ. ನಾನು ಕಲಿತ ಫಿಸಿಕ್ಸಿಗೆ ಈ ಮರ್ಯಾದೆ ಬೇಡ.’

ಅವರ ದನಿ ಮೆತ್ತಗಿತ್ತು. ಮೇಷ್ಟ್ರು ತಿರುಗಿ ಜಗಲಿಗೆ ಹೋಗಿ ಹಮಾಲಿಗಳ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ತನ್ನ ಮನೆಯ ಶಾಸ್ತ್ರವನ್ನೇ ಮುರಿದು, ಅಷ್ಟು ಜನರ ಮುಂದೆ ಕೈಚಾಚಿ ಕರೆದಿದ್ದ.

‘ಎಷ್ಟು ಕೊಬ್ಬು ನೋಡಿ! ಒಳಿಕ್ಕೆ ಕರುದ್ರೆ ಬರಾಕಿಲ್ವಂತೆ! ಈ ವಿದ್ಯೆ ಕಲ್ತು ಇವಳೂ ಇಂಗೇ ಆಯ್ತಾಳೆ. ಇವಳ್ ಓದೂ ಬ್ಯಾಡ, ಏನೂ ಬ್ಯಾಡ. ನಾಳೆನೇ ಚಂದಕವಾಡಿಯೋರಿಗೆ ಯೋಳ್ಕಳುಸ್ತೀನಿ!’

ನನಗೆ ಮೊದಲು ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ, ಮೇಷ್ಟ್ರ ಮೇಲೆ. ಅವರ ತತ್ವ ಅವರಿಗಿರಲಿ, ಅದಕ್ಕೆ ನನ್ನ ಓದು ಯಾಕೆ ಹೋಗಬೇಕು? ಒಬ್ಬಟ್ಟಿನ ತಟ್ಟೆ ಹಿಡಿದು ನಾನು ಅಳುತ್ತ ನಿಂತಿದ್ದಾಗ ಅಡುಗೆಮನೆಯಿಂದ ಅಜ್ಜಿ ಹೊರಗೆ ಬಂದಳು. ಮೇಷ್ಟ್ರಿಗೆ ಇನ್ನು ಜಗಲಿಯೂ ಇಲ್ಲ ಎಂದು ನನಗೆ ಖಾತ್ರಿಯಾಯಿತು.

‘ಯಾಕ್ಲಾ ಮಗ ಇಂಗ್ ಕೂಗ್ತೀಯ?’ ಎಂದಳು. ‘ಅವ್ರೇನ್ ತೆಪ್ಪು ಮಾಡ್ಬುಟ್ರು? ನಿನ್ ಊಟ ಅವ್ರ್ ನೇಮಕ್ಕೆ ಒಗ್ಗಲಿಲ್ಲ. ಉಣ್ಣಲಿಲ್ಲ. ನಾನು ಎಷ್ಟ್ ಮನೇಲಿ ಎಲೆ ಮುಂದ್ಲಿಂದ ಎದ್ ಬಂದಿಲ್ಲ? ಅವಾಗ ನೀನು ನನ್ನ ಕೊಬ್ಬು ಅಂದ್ಯಾ?’

‘ಅವ್ರಿಗೆಂತ ನೇಮ ಅವ್ವ? ಮೀನ್ ತಿನ್ನೋರ್ಗೆ!’

‘ಮೀನ್ ತಿನ್ನೋರ್ಗೂ ಒಂದ್ ನೇಮ ಇರ್ತದೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು. ನಾನು ಬಾ ಅಂದೆ, ಅವ್ರು ಬರಲಿಲ್ಲ. ಅವ್ರೇ ಗಟ್ಟಿ.’ ಆಮೇಲೆ ಅಯ್ನೋರ ಎಲೆಯ ಕಡೆ ಕೈ ತೋರಿಸಿದಳು. ‘ಉಡ್ಗೀನ ಓದುಸ್ತೀನಿ ಅಂತ ಗುರುಗಳ ಮುಂದೆ ಅಂದೆ. ಅವ್ರಿನ್ನೂ ಕೈ ತೊಳ್ದಿಲ್ಲ, ಆಗ್ಲೇ ಮಾತ್ ತಿರುಗುಸ್ತೀಯ?’

ಅಯ್ನೋರಿಗೆ ಹಸಿವಾಗಿತ್ತೆಂದು ಕಾಣುತ್ತದೆ. ‘ಅವ್ವ ಯೋಳೋದು ಸರಿ. ಬಡ್ಸಿ, ಬಡ್ಸಿ’ ಎಂದರು. ಊಟ ಸಾಗಿತು. ಜಗಲಿಗೆ ಹೋದ ಎಲೆಗಳಿಗೂ ತುಪ್ಪ ಬಿತ್ತು. ಅಪ್ಪ ಮಾತ್ರ ಆ ದಿನ ಏನೂ ತಿನ್ನಲಿಲ್ಲ.

ಮಾರನೆಯ ದಿನ ಮೇಷ್ಟ್ರು ತಾವಾಗಿಯೇ ಕೋಣೆ ಖಾಲಿ ಮಾಡಿ, ಕೇರಳ ರಸ್ತೆಯ ಬೇಕರಿಯೊಂದರ ಮೇಲಿನ ರೂಮಿಗೆ ಹೋದರು. ಅಪ್ಪ ಹೋಗಿ ಎನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ಅವರು ಮರೆತುಹೋಗಿದ್ದ ಛತ್ರಿ ಕೊಟ್ಟು ಬಾ ಎಂದು ಅಜ್ಜಿ ನನ್ನನ್ನು ಕಳಿಸಿದಳು. ಬ್ರೆಡ್ಡಿನ ಬಿಸಿ ವಾಸನೆಯ ಆ ರೂಮಿನಲ್ಲಿ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

‘ಸುಮ್ನೆ ಒಳಗೆ ಬಂದು ಒಂದ್ ಒಬ್ಬಟ್ಟು ತಿಂದಿದ್ರೆ ಏನಾಗ್ತಿತ್ತು ಸಾರ್? ನನ್ ಕಾಲೇಜೇ ಹೋಗ್ತಿತ್ತು.’

‘ಗೊತ್ತು. ನೀನು ಅಳೋದು ಜಗಲಿಗೆ ಕೇಳಿಸ್ತು. ಅರ್ಧ ಎಲೆ ಹಾಗೇ ಬಿಟ್ಟು ಎದ್ದೆ.’

‘ಅಪ್ಪ ಕಳಿಸ್ತಿರೋದು ಬಾಂಬ್ ಮಾಡ್ತೀನಿ ಅಂತ. ನಾನು ಹೋಗ್ಲಾ, ಬೇಡ್ವಾ?’

ಮೇಷ್ಟ್ರು ಛತ್ರಿಯನ್ನು ಬಿಚ್ಚಿ ಮತ್ತೆ ಮುಚ್ಚಿದರು. ‘ನನ್ನಪ್ಪ ಕಮ್ಯುನಿಸ್ಟ್ ಪಾರ್ಟಿಯವರು. ವಿಜ್ಞಾನ ಓದಿದರೆ ಮಗ ದೇವರನ್ನ ಬಿಡ್ತಾನೆ ಅಂತ ಸಾಲ ಮಾಡಿ ನನ್ನನ್ನ ಓದಿಸಿದರು. ನಾನು ಇವತ್ತಿಗೂ ವರ್ಷಕ್ಕೊಂದು ಸಲ ಗುರುವಾಯೂರಿಗೆ ಹೋಗ್ತೀನಿ. ಅಪ್ಪಂಗೆ ಹೇಳಲ್ಲ. ನೀನು ಹೋಗು ಗಿರಿಜಾ, ಲ್ಯಾಬಲ್ಲಿ ಲೆನ್ಸ್ ಒಡೀಬೇಡ.’

ಈಗ ನಾನೇ ತರಗತಿಯಲ್ಲಿ ನಿಂತು ಪಾಠ ಮಾಡುವಾಗ ಆ ಬೇಸಿಗೆ ನೆನಪಾಗುತ್ತದೆ. ಎಲ್ಲೋ ಒಂದು ಸರ್ಕಾರ ಬದಲಾಗುತ್ತದೆ, ಯಾರನ್ನೋ ಹೊರಗೆ ಹಾಕುತ್ತಾರೆ, ಯಾರಿಗೋ ಎಲೆ ಹಾಕುತ್ತಾರೆ, ಆಮೇಲೆ ಫಿಸಿಕ್ಸ್ ಒಂದು ಕಡೆಗೆ ಬೆಳೆಯುತ್ತದೆ, ಇನ್ನೊಂದು ಕಡೆ ಒಣಗುತ್ತದೆ. ನನ್ನನ್ನು ಕಾಲೇಜಿಗೆ ಕಳಿಸಿದ ಆ ಬಾಂಬಿನ ದೆಸೆಯಿಂದಲೇ, ಬಾಂಬು ಮಾಡಿದ ದೇಶದ ವಿಜ್ಞಾನಿ ಎಂಬ ಅನುಮಾನಕ್ಕೆ, ನಮ್ಮ ಎಂಎಸ್ಸಿಯ ಒಬ್ಬ ಪ್ರೊಫೆಸರಿಗೆ ಹೊರದೇಶದ ಸಮ್ಮೇಳನಕ್ಕೆ ವೀಸಾ ಸಿಗಲಿಲ್ಲ. ಅವರು ಓದಬೇಕಿದ್ದ ಪ್ರಬಂಧವನ್ನು ನಮ್ಮ ಹತ್ತು ಜನರ ಮುಂದೆ ಓದಿ, ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ಯಾವ ಪುಸ್ತಕದಲ್ಲೂ ಇಂಥದ್ದು ಬರೆದಿರುವುದಿಲ್ಲ, ಅದಕ್ಕೇ ನಾನು ಪಾಠವನ್ನು ಈಗಲೂ ಚಾಡಿಯಿಂದಲೇ ಶುರು ಮಾಡುತ್ತೇನೆ.

ಜೂನಿನಲ್ಲಿ ಅಪ್ಪ ನನ್ನನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋದ. ಒಬ್ಬಟ್ಟಿನ ಊಟದ ಮೇಲೆ ಅವನ ಬಾಯಲ್ಲಿ ಬಾಂಬಿನ ಮಾತು ನಿಂತುಹೋಗಿತ್ತು. ಮಂಡಿಯವರು ಎತ್ತಿದರೂ ಎದ್ದುಹೋಗುತ್ತಿದ್ದ. ಅವನಿಗಿದ್ದ ಕಾರಣ ಹೋಗಿತ್ತು, ಗುರುಗಳ ಮುಂದೆ ಆಡಿದ ಮಾತೊಂದೇ ಉಳಿದಿತ್ತು. ಬಸ್ಸಿನಿಂದ ಇಳಿದ ಮೇಲೂ ಅವನು ಮನಸ್ಸು ಬದಲಾಯಿಸಿಬಿಟ್ಟಾನೆಂದು ಮಾರ್ಕ್ಸ್ ಕಾರ್ಡನ್ನು ನಾನೇ ಹಿಡಿದುಕೊಂಡಿದ್ದೆ. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿದರು.

‘ನಿಮ್ಮ ಕಡೆ ಹುಡುಗೀರು ಆರ್ಟ್ಸ್ ಕೇಳೋದೇ ಜಾಸ್ತಿ. ಇವಳಿಗೆ ಫಿಸಿಕ್ಸ್ ಯಾಕೆ ಯಜಮಾನ್ರೇ?’

ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡ.

‘ಓದೋಳು ಅವಳು. ಅವಳ್ನೇ ಕೇಳಿ ಸಾ.’

ನನ್ನ ಬದುಕಿನ ಒಂದು ಪ್ರಶ್ನೆಗೆ ಉತ್ತರವನ್ನು ಅಪ್ಪ ನನಗೆ ಬಿಟ್ಟದ್ದು ಅದೇ ಮೊದಲು. ಹೇಳಲು ನನ್ನ ಹತ್ತಿರ ದೊಡ್ಡ ಮಾತು ಯಾವುದೂ ಇರಲಿಲ್ಲ. ‘ಗೊತ್ತಿಲ್ಲ ಸಾರ್’ ಎಂದೆ. ‘ಗೊತ್ತು ಮಾಡ್ಕಳನ ಅಂತ ಬಂದೆ.’

ಪ್ರಿನ್ಸಿಪಾಲರು ನಗುತ್ತ ಸಹಿ ಹಾಕಿದರು. ಹೊರಗೆ ಬಂದು ಬಸ್ ಸ್ಟ್ಯಾಂಡಿನವರೆಗೆ ಅಪ್ಪ ನನ್ನ ಮುಂದೆ ಮುಂದೆ ನಡೆದ. ನಾನು ಮಾತಾಡಿದ್ದು ತಪ್ಪಾಯಿತೋ ಏನೋ ಎಂದು ಹೆದರಿ ಹಿಂದೆ ಹೋದೆ. ಟೀ ಅಂಗಡಿಯ ಹತ್ತಿರ ನಿಂತು, ಎರಡು ಟೀ ಹೇಳಿ, ನನ್ನ ಮುಖ ನೋಡದೆ ರಸ್ತೆಯ ಕಡೆ ನೋಡುತ್ತ ಅಂದ:

‘ಗೊತ್ತಾದ್ರೆ ನಂಗೂ ಒಸಿ ಯೋಳಮ್ಮಿ.’